ದೇವರಾಜು ಫ್ರಾನ್ಸಿನಲ್ಲಿ ಉಂಡದ್ದು

ಆ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಮಟಿಯೋದಲ್ಲಿ ಜಂಬ ಕೊಚ್ಚಿಕೊಳ್ಳಲು ಏನೂ ಇಲ್ಲದ ಕನ್ನಡಿಗ ಎಂದರೆ ನಮ್ಮ ದೇವರಾಜು ಒಬ್ಬನೇ. ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಮಾರುವವನೂ ಕೋಟ್ಯಧೀಶನಾಗುತ್ತಿದ್ದ ದಿನಗಳು ಅವು. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿಗೆ ಹೋದರೆ ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಕಂಪನಿಯ ಷೇರು ಎಲ್ಲಿಗೆ ಏರಿತೆಂದು ಚಾವಣಿ ತೋರಿಸದ ಗಂಡಸೇ ಇರಲಿಲ್ಲ. ಇಂಥವರ ನಡುವೆ ದೇವರಾಜು ಮೂಲೆಯಲ್ಲಿ ಮೊಸರನ್ನ ಕಲೆಸುತ್ತ, ಎಲ್ಲರ ಮಾತಿಗೂ ತಲೆಯಾಡಿಸುತ್ತ ಕೂತಿರುತ್ತಿದ್ದ.

ಅವನೂ ನಾನೂ ರೆಡ್‌ವುಡ್ ಸಿಟಿಯ ಒಂದೇ ಪುಟ್ಟ ಕಂಪನಿಯಲ್ಲಿದ್ದೆವು. ಹೋಟೆಲುಗಳಲ್ಲಿ ಊಟದ ಮೇಜನ್ನು ಇಂಟರ್ನೆಟ್ಟಿನಲ್ಲೇ ಕಾದಿರಿಸುವ ಸಾಫ್ಟ್‌ವೇರು ನಮ್ಮದು. ಅವನು ಅದನ್ನು ಗಿರಾಕಿಗಳಲ್ಲಿ ಹೋಗಿ ಕೂಡಿಸುವವನು, ನಾನು ಅದನ್ನು ಬಳಸುವ ಬಗೆಯನ್ನು ಬರೆಯುವವನು. ಕಂಪನಿ ಇನ್ನೇನು ಷೇರು ಪೇಟೆಗೆ ಇಳಿದು ಪಬ್ಲಿಕ್ ಆಗಿಬಿಡುತ್ತದೆ ಎಂದು ಬಾಸ್ ಕ್ರೇಗ್ ಪ್ರತಿ ಸೋಮವಾರ ಹೇಳುತ್ತಿದ್ದ. ಮಂಗಳವಾರಕ್ಕೆ ಆ ಮಾತು ಮರೆತಿರುತ್ತಿದ್ದ.

ಹೀಗಿರುವಾಗ ಫ್ರಾನ್ಸಿನ ಹಳ್ಳಿಗಾಡಿನಿಂದ ಒಂದು ಕರೆ ಬಂತು. ಅಲ್ಲಿ ಮದಾಮ್ ಸಿಮೋನ್ ಎಂಬಾಕೆ ದ್ರಾಕ್ಷಿ ತೋಟಗಳ ನಡುವೆ ಒಂದು ಹಳೆಯ, ಹೆಸರಾಂತ ಊಟದ ಮನೆ ನಡೆಸುತ್ತಿದ್ದಳು. ಆ ಸೀಮೆಯ ಹೋಟೆಲಿನವರ ಸಂಘಕ್ಕೂ ಆಕೆಯೇ ಯಜಮಾನಿ. ಆಕೆ ಹೂಂ ಎಂದರೆ ಸಂಘವೆಲ್ಲ ಹೂಂ ಎಂದಂತೆ. ಸಾಫ್ಟ್‌ವೇರನ್ನು ತೋರಿಸಿ ಬರಲು ದೇವರಾಜುವನ್ನು ಕಳಿಸಿದರು. ಅವನಿಗೆ ಫ್ರೆಂಚ್ ಬರುತ್ತದೆ ಎಂದಲ್ಲ. ವೀಸಾಕ್ಕಾಗಿ ಕಾನ್ಸುಲೇಟಿನ ಮುಂದೆ ಬೆಳಗಿನಿಂದ ಕ್ಯೂ ನಿಂತೂ ಮುಖ ಸಿಂಡರಿಸದ ಮನುಷ್ಯ ಕಂಪನಿಯಲ್ಲಿ ಅವನೊಬ್ಬನೇ ಇದ್ದ ಎಂದು.

ವಾಪಸು ಬಂದ ದಿನ ಏರ್‌ಪೋರ್ಟಿನಿಂದ ಅವನನ್ನು ಕರೆತಂದವನು ನಾನು. ನನ್ನ ಹೆಂಡತಿ ದಾರಿಗಿರಲಿ ಎಂದು ಒಂದು ಡಬ್ಬಿ ಪುಳಿಯೋಗರೆ ಕೊಟ್ಟಿದ್ದಳು. ಕಾರು ಇನ್ನೂ ಪಾರ್ಕಿಂಗ್ ಲಾಟು ದಾಟಿರಲಿಲ್ಲ, ಡಬ್ಬಿ ಖಾಲಿಯಾಗಿ ಅವನು ಮುಚ್ಚಳ ನೆಕ್ಕುತ್ತಿದ್ದ.

“ಯಾಕೋ, ಅಲ್ಲಿ ಊಟ ಹಾಕ್ಲಿಲ್ವಾ?” ಎಂದೆ.

“ಊಟಾನಾ? ರಘು, ಒಂದಾದ್ಮೇಲೊಂದು ಏಳು ಕೋರ್ಸು ಕಣೋ!” ಎಂದು ಅವನು ಮೀಸೆಗಂಟಿದ್ದ ಕಡಲೆಬೀಜವನ್ನು ಹುಡುಕಿ ಬಾಯಿಗೆ ಹಾಕಿಕೊಂಡ. ಏಳು ಕೋರ್ಸು ಉಂಡವನ ಲಕ್ಷಣ ಇದಲ್ಲ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು, ಆದರೆ ಫ್ರೀವೇಯಲ್ಲಿ ಟ್ರಾಫಿಕ್ಕು ಬಹಳವಿತ್ತು.

ಆ ಭಾನುವಾರ ಉಡುಪಿಯ ಗುರುದತ್ ಮನೆಯಲ್ಲಿ ಪಾಟ್‌ಲಕ್. ಗುರುದತ್ ಆ ವಾರವಷ್ಟೇ ಜರ್ಮನ್ ಕಾರು ಕೊಂಡಿದ್ದರು. ಅನ್ನಕ್ಕೆ ಸಾರು ಬೀಳುವ ಮೊದಲೇ ಅವರ ವರ್ಣನೆ ಶುರುವಾಯಿತು.

“ಎಂತ ಗಾಡಿ ಅಂತೀರಿ ಮಾರಾಯ್ರೆ! ಸೀಟಿಗೇ ಹೀಟರ್ ಉಂಟು. ಕೂತರೆ ಏಳ್ಲಿಕ್ಕೇ ಮನಸ್ಸು ಬರುವುದಿಲ್ಲ.”

ಮೂಲೆಯಿಂದ ಒಂದು ದನಿ ಬಂತು. “ಫ್ರಾನ್ಸಲ್ಲಿ ನಾನು ಊಟಕ್ಕೆ ಕೂತಿದ್ದ ಕುರ್ಚಿಗೆ ಇನ್ನೂರು ವರ್ಷ ಆಗಿತ್ತು.”

ಎಲ್ಲರೂ ತಿರುಗಿದರು. ದೇವರಾಜುವಿನ ಬದುಕಿನಲ್ಲಿ ಇಡೀ ಕೋಣೆ ತನ್ನ ಕಡೆ ತಿರುಗಿದ್ದು ಮದುವೆಯ ಮುಹೂರ್ತ ಬಿಟ್ಟರೆ ಅದೇ ಮೊದಲು. ಅವನು ಮೊಸರನ್ನದ ತಟ್ಟೆ ಕೆಳಗಿಟ್ಟ. ಮೇಣದ ಬತ್ತಿಯ ಬೆಳಕು, ಕಲ್ಲಿನ ಗೋಡೆ, ಒಬ್ಬೊಬ್ಬರ ಬಳಿಗೂ ತಾಮ್ರದ ಪಾತ್ರೆ ಹಿಡಿದು ತಾನೇ ಬಡಿಸಲು ಬರುವ ಯಜಮಾನಿ, ಬೆಳಗಿನಿಂದ ವೈನಿನಲ್ಲಿ ಕುದ್ದ ಹುಂಜ, ಆಹಾ, ಅದರ ಘಮ! ಆಮೇಲೆ ಚೀಸು. ಚೀಸಿಗೇ ಒಂದು ತಳ್ಳುಗಾಡಿ!

“ನಮ್ಮ ಊರಲ್ಲಿ ಸೊಪ್ಪಿನವಳು ತಳ್ಳಿಕೊಂಡು ಬರುವ ಹಾಗಾ?” ಎಂದರು ಗುರುದತ್ತರ ಹೆಂಡತಿ ಸ್ನೇಹಲತಾ, ಕಣ್ಣರಳಿಸಿ.

“ಹಾಗೇ. ಆದ್ರೆ ಕೂಗಲ್ಲ,” ಎಂದ ದೇವರಾಜು.

ಅಂದು ಯಾರೂ ಷೇರಿನ ಮಾತೆತ್ತಲಿಲ್ಲ. ಒಬ್ಬರೇ ಒಬ್ಬರು ಅನುಮಾನದಿಂದ ನೋಡುತ್ತಿದ್ದರು. ಅವನ ಅತ್ತೆ ಸಣ್ಣತಾಯಮ್ಮ. ಮದ್ದೂರಿನ ಕಡೆಯ ಹಳ್ಳಿಯಿಂದ ಮಗಳು ಸಿಂಧುವಿನ ಸಂಸಾರ ನೋಡಲು ಬಂದಿದ್ದ ಆ ಹಿರಿಯರಿಗೆ ಮನುಷ್ಯರನ್ನು ಅಳೆಯಲು ಒಂದೇ ಕೋಲು: ಅವರು ಹೇಗೆ ಉಣ್ಣುತ್ತಾರೆ ಎಂಬುದು.

“ಅಳಿಮಯ್ಯ, ಆ ಕೋಳಿಗೆ ಉಪ್ಪು ಎಂಗಿತ್ತು?” ಎಂದು ಕೇಳಿದರು.

ದೇವರಾಜು ತಡವರಿಸಿದ. “ಉಪ್ಪಾ? ಉಪ್ಪು… ಅದು ಫ್ರೆಂಚ್ ಉಪ್ಪು ಅತ್ತೆ.”

ಸಣ್ಣತಾಯಮ್ಮ ಮಗಳ ಕಿವಿಯಲ್ಲಿ, ಆದರೆ ಅಡುಗೆಮನೆಗೂ ಕೇಳುವಂತೆ ಹೇಳಿದರು: “ಉಂಡೋನು ಮೊದ್ಲು ಉಪ್ಪಿನ ಇಸ್ಯ ಯೋಳ್ತಾನೆ ಕಣೆ. ಇವ್ರು ಬರೀ ವಾಸ್ನೆ ಇಸ್ಯ ಯೋಳ್ತಾವ್ರೆ.”

ಆದರೆ ಕೀರ್ತಿಗೆ ಕಾಲು ಬಂದ ಮೇಲೆ ಉಪ್ಪನ್ನು ಯಾರು ಕೇಳುತ್ತಾರೆ? ಫೋರ್ಕು ಯಾವ ಕೈಗೆ, ಕರವಸ್ತ್ರ ಕೊರಳಿಗೋ ತೊಡೆಗೋ ಎಂದು ಜನ ದೇವರಾಜುವಿಗೆ ಫೋನು ಮಾಡತೊಡಗಿದರು. ಕನ್ನಡ ಕೂಟದ ಹೆಂಗಸರ ಒತ್ತಾಯಕ್ಕೆ ಅಪಾರ್ಟ್‌ಮೆಂಟಿನ ಕ್ಲಬ್ ರೂಮಿನಲ್ಲಿ ಒಂದು ಶನಿವಾರ ಪಾಠವೇ ನಡೆಯಿತು. ದೇವರಾಜು ಕಾಗದದ ತಟ್ಟೆಗಳ ಮುಂದೆ ನಿಂತು ಪೀಠಾಧಿಪತಿಯಂತೆ ಅಪ್ಪಣೆ ಕೊಡಿಸಿದ: “ಮುಖ್ಯವಾದ ನಿಯಮ ಒಂದೇ. ಅಲ್ಲಿ ಬಡಿಸೋವಾಗ ಒಂದೇ ಸಲ ಕೇಳ್ತಾರೆ. ಎರಡನೇ ಸಲ ಕೇಳೋದೇ ಇಲ್ಲ. ಯಾರೂ ಕೇಳೋದಿಲ್ಲ!” ಕೊನೆಯ ಮಾತಿಗೆ ಅವನು ಖಾಲಿ ತಟ್ಟೆಯೊಂದನ್ನು ಎದೆಗವಚಿಕೊಂಡ. ವಿದ್ಯೆಯ ಮೇಲಿನ ಭಕ್ತಿಯಿಂದ ಅವಚಿಕೊಂಡನೆಂದು ನಾವೆಲ್ಲ ತಿಳಿದೆವು.

ಗುರುದತ್ತರು ಈ ನಿಯಮವನ್ನು ಅಂದೇ ಮನೆಯಲ್ಲಿ ಜಾರಿಗೆ ತಂದರು. ಹೇವರ್ಡ್‌ನಿಂದ ಊಟಕ್ಕೆ ಬಂದಿದ್ದ ಸ್ನೇಹಲತಾರ ಸೋದರಮಾವ ಎರಡನೇ ಸಲ ಯಾರೂ ಕೇಳದ ಕಾರಣ ಬರೀ ಉಪ್ಪಿನಕಾಯಿ ನೆಕ್ಕಿ ಎದ್ದುಹೋದವರು ಯುಗಾದಿಗೂ ಫೋನು ಮಾಡಲಿಲ್ಲ.

ಮರುವಾರ ಕ್ರೇಗ್ ನಮ್ಮಿಬ್ಬರನ್ನೂ ಒಳಗೆ ಕರೆದ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು, ಓದುಗರ ಅನುಕೂಲಕ್ಕೆ ಕನ್ನಡದಲ್ಲಿ ಕೊಡುತ್ತೇನೆ.

“ದೇವ್, ಮದಾಮ್ ಸಿಮೋನ್ ಫೋನು ಮಾಡಿದ್ದರು. ನೀನು ಅವರ ಮನೆಯಲ್ಲಿ ಒಂದು ತುತ್ತನ್ನೂ ಮುಟ್ಟಲಿಲ್ಲವಂತೆ. ಅವರೇ ಬಡಿಸಲು ಬಂದರೂ ಬೇಡ ಬೇಡ ಎಂದೆಯಂತೆ. ಬ್ರೆಡ್ಡನ್ನೂ!”

ದೇವರಾಜು ನೆಲ ನೋಡಿದ. ನಾನು ದೇವರಾಜುವನ್ನು ನೋಡಿದೆ.

“ನನ್ನ ಅಡುಗೆಯನ್ನು ಹಳಿಯುವವನ ಕೈಗೆ ನನ್ನ ಮೇಜುಗಳನ್ನು ಹೇಗೆ ಕೊಡಲಿ ಎನ್ನುತ್ತಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದಾರೆ, ಮರ್ಯಾದೆಗಾಗಿ ಒಂದು ಊಟಕ್ಕೆ ಒಪ್ಪಿದ್ದಾರೆ. ಆ ಊಟ ಮುಗಿಯುವುದರೊಳಗೆ ಅವರ ಮನಸ್ಸು ತಿರುಗದಿದ್ದರೆ ನಾವು ಅಂಗಡಿ ಮುಚ್ಚಬೇಕು.”

ಅಂಗಡಿ ಮುಚ್ಚಿದರೆ ಕ್ರೇಗ್ ಇನ್ನೊಂದು ತೆರೆಯುತ್ತಾನೆ. ನಮಗೆ ಹಾಗಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ದೇವರಾಜು ಅತ್ತೆಯ ಪಕ್ಕದ ಸೀಟಿನಲ್ಲೇ ಕೂತು ಊರಿಗೆ ಹೋಗಬೇಕು, ದಾರಿಯುದ್ದಕ್ಕೂ ಉಪ್ಪಿನ ವಿಷಯಕ್ಕೆ ಉತ್ತರ ಕೊಡುತ್ತ.

ಪಾರ್ಕಿಂಗ್ ಲಾಟಿನಲ್ಲಿ ಅವನನ್ನು ಹಿಡಿದೆ. “ಏಳು ಕೋರ್ಸಂತೆ!”

“ಸುಳ್ಳಲ್ಲ ಕಣೋ. ಏಳೂ ಬಂತು. ಆಯಮ್ಮ ತಾಮ್ರದ ಪಾತ್ರೆ ಹಿಡ್ಕೊಂಡು ಬಂದು ಹಾಕ್ಲಾ ಅಂದ್ಲು. ನಾನು ಬೇಡ ಅಂದೆ.”

“ಯಾಕೆ ಬೇಡ ಅಂದೆ?”

“ಯಾಕೇನು? ಕೇಳಿದ ತಕ್ಷಣ ತಟ್ಟೆ ಒಡ್ಡೋಕೆ ನಾನೇನು ಊಟ ಕಾಣದೋನಾ? ಇನ್ನೊಂದ್ ಸಲ ಕೇಳ್ತಾಳೆ ಅಂತ ಕಾದೆ. ಅವ್ಳು ಹೋಗೇಬಿಟ್ಲು! ಆಲೂಗಡ್ಡೆ ಬಂತು, ಬೇಡ ಅಂದೆ, ಅದೂ ಹೋಯ್ತು. ಹುಂಜ ಬಂದಾಗ ತಟ್ಟೆ ಮೇಲೆ ಕೈನೂ ಮುಚ್ಚಿದೆ ಕಣೋ, ಬೆರಳು ಅಗಲ ಮಾಡಿ. ನನ್ ಕೈಯನ್ನೇ ನೋಡಿ, ಪಾತ್ರೆ ಎತ್ಕೊಂಡು ಹೊರಟೋದ್ಲು.” ಅವನ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು.

ನಾನು ಹಾಸನದವನು, ಈ ಶಾಸ್ತ್ರ ಗೊತ್ತು. ಮಾನವಂತರು ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಎರಡನೇ ಸಲ ಕೇಳಿದಾಗ ಅಯ್ಯಯ್ಯೋ ಬೇಡವೇ ಬೇಡ ಎನ್ನಬೇಕು. ಮೂರನೇ ಸಲ ಎಲೆಗೆ ಎರಡೂ ಕೈ ಅಡ್ಡ ಹಿಡಿದು, ಬೆರಳುಗಳ ಸಂದು ಮಾತ್ರ ಬಿಡಬೇಕು. ಬಡಿಸುವವರು ಆ ಸಂದಿನಲ್ಲೇ ಸಾರು ಸುರಿಯುತ್ತಾರೆ. ಆಗ “ಸರಿ, ಒಂಚೂರು ಹಾಕಿ” ಎಂದು ಸೋಲೊಪ್ಪಬೇಕು. ಇದೆಲ್ಲ ಫ್ರಾನ್ಸಿನ ದ್ರಾಕ್ಷಿ ತೋಟದವರಿಗೆ ಯಾರು ಹೇಳಿಕೊಟ್ಟಾರು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದು ಬಂದಿದ್ದ ನಮ್ಮ ದೇವರಾಜು.

“ಹೋಗಿ ನಿಜ ಹೇಳಿಬಿಡೋ ಆಯಮ್ಮಂಗೆ,” ಎಂದೆ.

“ಹಸಿದಿದ್ದೆ ಅಂತ ಹೇಳ್ಲಾ? ಮಾನ ಉಳೀತದಾ? ನೀನು ಸುಮ್ನಿರು. ಈ ಸಲ ನನ್ನ ಬಾಯಲ್ಲಿ ಬೇಡ ಅನ್ನೋ ಮಾತೇ ಬರಲ್ಲ. ಏನ್ ಕೊಟ್ರೂ ಹಾಕಿ ಅಂತೀನಿ. ನೋಡ್ತಿರು!” ಎಂದು ಎದೆ ತಟ್ಟಿದ. ಅವನ ಧೈರ್ಯ ನೋಡಿ ನನಗೆ ಇನ್ನೂ ಭಯವಾಯಿತು.

ಕ್ರೇಗ್ ಆರಿಸಿದ್ದು ಬೆಟ್ಟದ ಮೇಲಿನ ಒಂದು ಹೋಟೆಲು. ಫ್ರಾನ್ಸಿನ ಹಳ್ಳಿಮನೆಯ ಹಾಗೇ ಕಾಣಲಿ ಎಂದು ಹೊಸ ಗೋಡೆಗೆ ಹಳೆಯ ಬಿರುಕುಗಳನ್ನು ಬಣ್ಣದಲ್ಲಿ ಬರೆಸಿದ್ದರು. ಭಾನುವಾರ ಮಧ್ಯಾಹ್ನದ ಊಟ. ಗುರುದತ್ತರು ತಮ್ಮ ಜರ್ಮನ್ ಕಾರಿನಲ್ಲಿ ನಮ್ಮನ್ನು ತಾವೇ ಕರೆದೊಯ್ಯುತ್ತೇನೆಂದು ಮುಂದೆ ಬಂದರು. ಫ್ರೆಂಚರ ಮುಂದೆ ದೇವರಾಜುವಿನ ಪಾಂಡಿತ್ಯವನ್ನು ಕಣ್ಣಾರೆ ನೋಡುವ ಆಸೆ ಅವರಿಗೆ. ಸಣ್ಣತಾಯಮ್ಮನೂ ಹಟ ಹಿಡಿದು ಸಿಂಧುವಿನೊಂದಿಗೆ ಹೊರಟರು. “ನಮ್ ಅಳೀನಿಗೆ ಉಣ್ಣಾಕಿಕ್ಕಿದ ಎಂಗ್ಸು ಯಾರು ಅಂತ ನಾನೂ ನೋಡ್ಬೇಕು” ಎಂದರು. ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಒಂದು ದೊಡ್ಡ ಚೀಲವಿತ್ತು. ಬೆಚ್ಚಗಿನ ಸೀಟಿನಿಂದ ಮೂರು ಸಲ ಗಾಬರಿಯಾಗಿ ಎದ್ದರು, ಚೀಲವನ್ನು ಮಾತ್ರ ಬಿಡಲಿಲ್ಲ.

ಮದಾಮ್ ಸಿಮೋನ್ ಆಗಲೇ ಬಂದು ಕೂತಿದ್ದಳು. ಬೆಳ್ಳಿ ಕೂದಲು, ಒಲೆಯ ಮುಂದೆ ಕಾಲ ಕಳೆದವರ ಕೆಂಪು ಕೈ, ಬಿಗಿದ ತುಟಿ. ದೊಡ್ಡ ತಟ್ಟೆಗಳು ಬಂದವು, ನಡುವೆ ಪುಟ್ಟ ಗೋಪುರದಂಥ ತಿನಿಸು. ಮದಾಮ್ ಅದನ್ನು ಫೋರ್ಕಿನಿಂದ ಒಮ್ಮೆ ಕೆದಕಿ, ಇದು ಊಟವಲ್ಲ ಎಂಬ ತೀರ್ಪಿನೊಂದಿಗೆ ತಟ್ಟೆ ಸರಿಸಿದಳು. ಆಮೇಲೆ ಅವಳ ನೋಟ ದೇವರಾಜುವಿನ ತಟ್ಟೆಯ ಮೇಲೆ ನಿಂತಿತು.

ಬಡಿಸುವವನು ಒನಕೆಯಷ್ಟುದ್ದದ ಮೆಣಸಿನ ಗಿರಣಿ ಹಿಡಿದು ಬಂದ. “ಮೆಣಸು ಬೇಕೆ ಸರ್?”

“ಬೇಕು!” ಎಂದ ದೇವರಾಜು, ಗೆದ್ದವನಂತೆ.

“ಸಾಕಾದಾಗ ಹೇಳಿ,” ಎಂದು ಅವನು ತಿರುಗಿಸತೊಡಗಿದ.

ಇಲ್ಲಿ ದೇವರಾಜುವಿಗೆ ಒಂದು ಧರ್ಮಸಂಕಟ ಎದುರಾಯಿತು. ಸಾಕು ಎನ್ನುವುದೂ ಬೇಡ ಎನ್ನುವುದೂ ಒಂದೇ ಅಲ್ಲವೆ? ಎದುರಿಗೆ ಮದಾಮ್ ನೆಟ್ಟ ಕಣ್ಣು. ಅವನು ನಗುತ್ತ ಕೂತ. ಗಿರಣಿ ತಿರುಗಿತು. ಗೋಪುರ ಬೂದು ಬಣ್ಣವಾಯಿತು, ಬೂದು ಕಪ್ಪಾಯಿತು. ಬಡಿಸುವವನು ಕೈ ಬದಲಿಸಿದ. ಪಕ್ಕದ ಮೇಜಿನ ಮುದುಕ ಸೀನಿದ. ಕೊನೆಗೆ ಗಿರಣಿಯೇ ಖಾಲಿಯಾಗಿ ಕಟಕಟ ಎಂದಾಗ ಬಡಿಸುವವನು ಹಣೆ ಒರೆಸಿಕೊಂಡು ಹೋದ.

ಗುರುದತ್ತರು ನನ್ನ ಕಿವಿಯಲ್ಲಿ, “ಇದು ಫ್ರೆಂಚ್ ಕ್ರಮವಾ ಮಾರಾಯ್ರೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮಗೂ ಮೆಣಸು ಬೇಕೆಂದು ಕೈಯೆತ್ತಿದರು.

ದೇವರಾಜು ಒಂದು ತುತ್ತು ಬಾಯಿಗಿಟ್ಟ. ಕಣ್ಣಿನಿಂದ ಧಾರೆ ಇಳಿಯಿತು. “ತುಂಬಾ ಚೆನ್ನಾಗಿದೆ” ಎನ್ನಲು ಹೋದ, ಕೆಮ್ಮು ಬಂತು. ಇನ್ನೊಂದು ತುತ್ತಿಗೆ ಬಿಕ್ಕಳಿಕೆ ಹತ್ತಿತು. ಸಿಂಧು ನೀರು ಕುಡಿಸಿದಳು.

ಮದಾಮ್ ಕರವಸ್ತ್ರವನ್ನು ಮೇಜಿನ ಮೇಲಿಟ್ಟಳು. “ಸಾಕು, ಕ್ರೇಗ್. ಈ ಮನುಷ್ಯ ಅತ್ತುಕೊಂಡು ಉಣ್ಣುತ್ತಿದ್ದಾನೆ. ನಮ್ಮ ಅಡುಗೆ ಕಂಡರೆ ಅವನಿಗೆ ಆಗುವುದಿಲ್ಲ. ಬಲವಂತ ಮಾಡಬೇಡ. ನಾನು ಹೊರಡುತ್ತೇನೆ.”

ಕ್ರೇಗ್‌ನ ಮುಖ ಸುಣ್ಣದಂತಾಯಿತು. ನನ್ನ ವೀಸಾ ರೆಕ್ಕೆ ಬಡಿದದ್ದು ನನಗೇ ಕೇಳಿಸಿತು.

ಸಣ್ಣತಾಯಮ್ಮನಿಗೆ ಇಂಗ್ಲಿಷ್ ತಿಳಿಯದು. ಆದರೆ ಉಣ್ಣದೆ ಏಳುತ್ತಿರುವ ಹೆಂಗಸನ್ನು ಗುರುತಿಸಲು ಭಾಷೆ ಯಾಕೆ ಬೇಕು? “ಯಾಕೆ ಸಿಂಧು, ಆಯಮ್ಮ ಒಂದ್ ತುತ್ತೂ ಮುಟ್ನಿಲ್ವಲ್ಲ?”

“ಬೇಡ್ವಂತೆ ಅವ್ವ.”

“ಒಂದ್ ಕಿತ ಕೇಳುದ್ರೆ ಯಾರ್ ಬೇಕು ಅಂತಾರೆ? ಮಾನವಂತ್ರು ಬ್ಯಾಡ ಅಂತಾನೇ ಅನ್ನದು. ಕೇಳೋರ್ಗೆ ಗ್ಯಾನ ಬ್ಯಾಡ್ವ?” ಎಂದು ಸಣ್ಣತಾಯಮ್ಮ ಎದ್ದು, ಟವೆಲು ಬಿಚ್ಚಿದರು.

ಒಳಗಿದ್ದದ್ದು ಅಳಿಯನಿಗಾಗಿ ತಂದ ಊಟ. ಫ್ರಾನ್ಸಿನಿಂದ ಅಳಿಯ ಉಪವಾಸ ಬಂದಿದ್ದಾನೆಂದು ಉಪ್ಪಿನ ಪ್ರಶ್ನೆಯ ದಿನವೇ ಅವರಿಗೆ ತಿಳಿದುಹೋಗಿತ್ತು. ಗ್ರೋಸರಿ ಅಂಗಡಿಯ ಕೋಳಿ ಹತ್ತಿ ಅಗಿದಂತಿರುತ್ತದೆಂದು ಹೇವರ್ಡ್‌ನಲ್ಲಿ ಜೀವಂತ ಕೋಳಿ ಮಾರುವವನ ಬಳಿಗೆ ಮಗಳನ್ನು ಓಡಿಸಿ ಹುಂಜ ತರಿಸಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಮೇಜಿನ ಮೇಲೆ ಮದ್ದೂರಿನ ಗಾಳಿ ಬೀಸಿತು. ಮದಾಮ್ ಮುಂದಿಟ್ಟ ಇನ್ನೊಂದು ಚಿನ್ನದ ಅಂಚಿನ ಬಿಳಿ ತಟ್ಟೆಯ ನಡುವೆ ಒಂದು ರಾಗಿ ಮುದ್ದೆ ದೊಪ್ಪನೆ ಕೂತಿತು.

“ನೋ, ನೋ, ಮೆರ್ಸಿ!” ಎಂದಳು ಮದಾಮ್.

“ಒಸಿ ಉಣ್ಣವ್ವ. ಬಿಸ್ಲಲ್ಲಿ ಬಂದಿದೀಯ.”

“ನೋ, ಮದಾಮ್, ನೋ!”

“ಅದ್ಯಾಕಂಗೆ ನಾಚ್ಕತೀಯ? ನಮ್ ಅಳೀನಿಗೆ ಇಕ್ಕಾಕೆ ಬಂದ ಕೈ ನಿಂದು.”

ಮದಾಮ್ ಗಾಬರಿಯಿಂದ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದಳು. ಸಣ್ಣತಾಯಮ್ಮನ ಮುಖ ಅರಳಿತು. “ನೋಡೆ ಸಿಂಧು, ಬೆರಳು ಅಗಲಿಸವ್ಳೆ!” ಎಂದವರೇ ಆ ಸಂದಿನಲ್ಲಿ ಒಂದು ಸೌಟು ಸಾರು ಸುರಿದೇಬಿಟ್ಟರು.

ಬಡಿಸುವವನು ಓಡಿಬಂದ. ಹೊರಗಿನ ಆಹಾರಕ್ಕೆ ಇಲ್ಲಿ ಅನುಮತಿಯಿಲ್ಲ ಎಂದು ಶುರುಮಾಡಿದ. “ಪಾಪ, ನಿಂತೂ ನಿಂತೂ ಕಾಲು ಸೋತವೆ. ಇವನ್ಗೂ ಒಂದ್ ತಟ್ಟೆ ಕೊಡೆ” ಎಂದರು ಸಣ್ಣತಾಯಮ್ಮ.

ಮದಾಮ್ ತನ್ನ ಕೈ ನೋಡಿಕೊಂಡಳು. ಬೆರಳ ತುದಿಯಿಂದ ಸಾರು ತೊಟ್ಟಿಕ್ಕುತ್ತಿತ್ತು. ಅಡುಗೆಯಲ್ಲೇ ಹಣ್ಣಾದ ಜೀವ. ಬೆರಳಿಗೆ ಸಾರು ತಗುಲಿದರೆ ಅದು ಬಾಯಿಗೆ ಹೋಗದೆ ಇರುತ್ತದೆಯೆ? ಬೆರಳು ಚೀಪಿದಳು. ದೇವರಾಜುವಿನ ಬಿಕ್ಕಳಿಕೆ ಕೂಡ ನಿಂತಿತು.

“ಇದು ಹುಂಜ,” ಎಂದಳು ಮದಾಮ್ ಮೆಲ್ಲಗೆ. “ಎಷ್ಟು ಹೊತ್ತು ಕುದಿಸಿದಿರಿ?”

ಸಿಂಧು ಕೇಳಿ ಹೇಳಿದಳು. “ಬೆಳಗಿಂದ.”

“ನಾನೂ ಅಷ್ಟೇ,” ಎಂದು ಮದಾಮ್ ಮತ್ತೆ ಕೂತಳು. ಸಣ್ಣತಾಯಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಮಾಡಿ ತೋರಿಸಿದರು. ಮದಾಮ್ ನುಂಗಿದಳು. ಕಣ್ಣು ಮುಚ್ಚಿದಳು. ಇನ್ನೊಂದು ತುತ್ತು ಮುರಿಯಲು ಹೋದವಳು ತಟಕ್ಕನೆ ನಿಂತು ದೇವರಾಜುವಿನ ಕಡೆ ತಿರುಗಿದಳು.

“ನಾನು ಮೂರು ಸಲ ಬೇಡ ಎಂದೆ. ಇವರು ಬಡಿಸಿದರು. ಹಾಗಾದರೆ… ನನ್ನ ಮನೆಯಲ್ಲಿ ನೀನು ಬೇಡ ಎಂದದ್ದು?”

ದೇವರಾಜು ಗುರುದತ್ತರ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಅತ್ತೆಯ ಕೈಯ ಸೌಟು ನೋಡಿದ. ಇನ್ನು ಮಾನದ ಮಾತೆಲ್ಲಿ? “ಮದಾಮ್,” ಎಂದ, “ನನಗೆ ತುಂಬಾ ಹಸಿವಾಗಿತ್ತು.”

“ಹಾಗಾದ್ರೆ ಆ ಏಳು ಕೋರ್ಸು ಎಂತದು ಮಾರಾಯ್ರೆ?” ಎಂದರು ಗುರುದತ್ತರು, ಮೆಣಸಿನ ಘಾಟಿಗೆ ಕಣ್ಣೊರೆಸಿಕೊಳ್ಳುತ್ತ.

“ಏಳಕ್ಕೂ ಬೇಡ ಅಂದೆ,” ಎಂದ ದೇವರಾಜು ಗಂಭೀರವಾಗಿ.

ಮದಾಮ್ ನಗತೊಡಗಿದಳು. ನಕ್ಕೂ ನಕ್ಕೂ ಅವಳಿಗೇ ಕಣ್ಣೀರು ಬಂತು. “ನೀನು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ನನ್ನ ಹುಂಜಕ್ಕೆ ಏನು ಕೊರತೆಯಾಯಿತೆಂದು ಕೊರಗಿದೆನಲ್ಲೋ!” ಎಂದಳು. ಆ ಮಾತಿನಲ್ಲಿದ್ದ ನೋವು ನಿಜವಾದದ್ದು. ದೇವರಾಜುವಿನ ತಲೆ ತಗ್ಗಿತು. ಮದಾಮ್ ಅವನ ಮುಂದಿದ್ದ ಕಪ್ಪು ಗೋಪುರವನ್ನು ಬಡಿಸುವವನ ಕೈಗಿತ್ತು, ಡಬ್ಬಿಯಿಂದ ಒಂದು ಮುದ್ದೆ ತೆಗೆದು ತಾನೇ ಅವನ ತಟ್ಟೆಗಿಟ್ಟಳು. ಅವನನ್ನು ಕೇಳಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಮದಾಮ್ ಕ್ರೇಗ್‌ನ ಕೈ ಕುಲುಕಿ, ಸಂಘದ ಪರವಾಗಿ ಹೂಂ ಎಂದಳು. ಒಂದೇ ಷರತ್ತು: ದೇವರಾಜು ಮತ್ತೆ ತನ್ನ ಮನೆಗೆ ಬಂದು ಏಳೂ ಕೋರ್ಸು ಉಂಡು ಹೋಗಬೇಕು. ಕ್ರೇಗ್ ಆನಂದದಿಂದ ಕುರ್ಚಿ ಬಿಟ್ಟೆದ್ದ.

“ದೇವ್! ಇನ್ನು ಮೇಲೆ ಯುರೋಪಿನ ಕೆಲಸಕ್ಕೆಲ್ಲ ನೀನೇ ಮುಖ್ಯಸ್ಥ. ಆಗುತ್ತೀಯಾ?”

ದೇವರಾಜು ಕೈ ಆಡಿಸಿದ. “ಅಯ್ಯೋ, ನೋ ನೋ. ನನಗ್ಯಾಕೆ ಅಷ್ಟು ದೊಡ್ಡ ಪದವಿ? ಬೇಡ.”

“ಓ,” ಎಂದ ಕ್ರೇಗ್. “ನಿನ್ನ ತೀರ್ಮಾನವನ್ನು ಗೌರವಿಸುತ್ತೇನೆ.” ಎಂದವನೇ ನನ್ನ ಕಡೆ ತಿರುಗಿದ. “ರಘು, ನೀನು?”

ಸಿಂಧುವಿನ ಕೈಯಿಂದ ಚಮಚ ಜಾರಿತು. ನಾನೂ ಮಾನವಂತರ ಮನೆಯವನೇ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕ್ರೇಗ್‌ನ ಹೆಗಲ ಮೇಲೆ ಸೌಟಿನಿಂದ ಒಂದು ಪೆಟ್ಟು ಬಿತ್ತು. ಸಣ್ಣತಾಯಮ್ಮ ಮೇಜಿನ ಮೇಲಿದ್ದ ಅಳಿಯನ ಕೈ ತೋರಿಸುತ್ತಿದ್ದರು. ಐದು ಬೆರಳೂ ಅಗಲವಾಗಿ ಹರಡಿದ್ದವು.

“ಇನ್ನೊಂದ್ ಕಿತ ಕೇಳಪ್ಪ!” ಎಂದರು.

“ಅವರು ಹೇಳಿದ ಹಾಗೆ ಮಾಡು,” ಎಂದಳು ಮದಾಮ್, ಕನ್ನಡ ಹುಟ್ಟಿನಿಂದಲೇ ಬರುವವಳಂತೆ.

ಕ್ರೇಗ್ ಕೇಳಿದ. “ಅಯ್ಯಯ್ಯೋ, ಬೇಡವೇ ಬೇಡ,” ಎಂದ ದೇವರಾಜು. ಕ್ರೇಗ್ ಹೆಗಲು ಸವರಿಕೊಂಡು, ಸೌಟಿನತ್ತ ಒಂದು ಕಣ್ಣಿಟ್ಟು, ಮೂರನೆಯ ಸಲ ಕೇಳಿದ.

ದೇವರಾಜು ನಿಟ್ಟುಸಿರು ಬಿಟ್ಟ.

“ಸರಿ,” ಎಂದ, “ಒಂಚೂರು ಹಾಕಿ.”